ಎಂಆರ್‌ಐ ರಿಪೋರ್ಟ್‌ನಾಗ ನಾಲ್ಕು ಡಿಸ್ಕ್ ಬರದಾರ, ನೋವು ಯಾವುದರದು?

ಗಂಗಾವತಿ ಸೋನಾ:
ನಮ್ಮಣ್ಣಗ 38 ವರ್ಷ, ರೈಸ್ ಮಿಲ್‌ನಾಗ ಹಮಾಲಿ. ಮೂರು ವಾರದಿಂದ ಸೊಂಟದಿಂದ ಎಡಗಾಲಿನ ಕಿರುಬೆರಳ ತನಕ ಸೆಳೆತ, ಕೆಮ್ಮಿದ್ರ ಜಾಸ್ತಿ. ರಿಪೋರ್ಟ್: ಡಿ10-ಡಿ11 ಡೆಸಿಕೇಷನ್, ಎಲ್3-ಎಲ್4 ಮತ್ತು ಎಲ್4-ಎಲ್5 ಬಲ್ಜ್, ಎಲ್5-ಎಸ್1 ಎಡಕ್ಕ ಪ್ರೊಟ್ರೂಷನ್. ನಾಲ್ಕೂ ಹಾಳಾಗ್ಯಾವ ಅಂತ ಮನ್ಯಾಗ ಎಲ್ಲರಿಗೂ ಗಾಬರಿ. ಆಪರೇಷನ್ ಮಾಡಿಸಬೇಕೇನ್ರಿ?

ಬೆನ್ನೆಲುಬು:
ನಾಲ್ಕೂ ಹಾಳಾಗಿಲ್ಲ. ಬೆನ್ನೆಲುಬಿನ ಎರಡು ಮಣಿಗಳ (ಕಶೇರುಗಳ) ನಡುವಿನ ಮೆತ್ತೆಯೇ ಡಿಸ್ಕ್; ಡಿ ಅಂದರೆ ನಡುಬೆನ್ನು, ಎಲ್ ಸೊಂಟ, ಎಸ್ ಅದರ ಕೆಳಗಿನ ತ್ರಿಕಾಸ್ಥಿ. ಡಿಸ್ಕ್‌ನ ಹೊರಗೆ ಪದರ ಪದರವಾದ ನಾರಿನ ಉಂಗುರ, ಒಳಗೆ ನೀರು ಹಿಡಿದಿಟ್ಟುಕೊಂಡ ಲೋಳೆಯಂಥ ತಿರುಳು. ಆ ನೀರಿನಂಶ ಇಳಿದು ಚಿತ್ರದಲ್ಲಿ ಕಪ್ಪಗೆ ಕಂಡರೆ ಡೆಸಿಕೇಷನ್. ಉಂಗುರ ಸುತ್ತಲೂ ತುಸು ಉಬ್ಬಿದ್ದರೆ ಬಲ್ಜ್, ಒಂದೇ ಕಡೆ ಚಾಚಿಕೊಂಡಿದ್ದರೆ ಪ್ರೊಟ್ರೂಷನ್. ನೋವೇ ಇಲ್ಲದ 40ರ ಆಸುಪಾಸಿನವರನ್ನು ಸ್ಕ್ಯಾನ್ ಮಾಡಿದರೂ ಸುಮಾರು ಅರ್ಧದಷ್ಟು ಜನರಲ್ಲಿ ಬಲ್ಜ್ ಸಿಗುತ್ತದೆ. ಹಾಗಾಗಿ ಮೊದಲ ಮೂರನ್ನು ಸದ್ಯಕ್ಕೆ ಪಕ್ಕಕ್ಕಿಡಿ.

ನೋಡಬೇಕಾದದ್ದು ಕಾಲು. ಎಲ್5-ಎಸ್1 ಡಿಸ್ಕ್ ಸಾಮಾನ್ಯವಾಗಿ ಎಸ್1 ನರವನ್ನು ಒತ್ತುತ್ತದೆ: ಪಾದದ ಹೊರ ಅಂಚು, ಕಿರುಬೆರಳು ಜೋಮು ಹಿಡಿಯುತ್ತವೆ, ಮೀನಖಂಡ ಸೋಲುತ್ತದೆ. ಗೋಡೆ ಹಿಡಿದು ಎಡಗಾಲೊಂದರಲ್ಲೇ ಹತ್ತು ಸಲ ತುದಿಗಾಲಿಗೆ ಏಳಲಿ, ಬಲಗಾಲಿಗೆ ಹೋಲಿಸಿ. ಎಲ್4-ಎಲ್5 ಆಗಿದ್ದರೆ ಒತ್ತುವುದು ಎಲ್5 ನರ: ಹೆಬ್ಬೆರಳು ಮೇಲೆತ್ತಲು, ಹಿಮ್ಮಡಿ ಮೇಲೆ ನಡೆಯಲು ಕಷ್ಟ. ಅಂಗಾತ ಮಲಗಿಸಿ ಮೊಣಕಾಲು ಮಡಿಸದೆ ಕಾಲೆತ್ತಿದಾಗ 30ರಿಂದ 70 ಡಿಗ್ರಿಯೊಳಗೆ ಮೊಣಕಾಲ ಕೆಳಕ್ಕೂ ಸೆಳೆತ ಹರಿದರೆ ನರ ಸಿಕ್ಕಿದೆ ಎಂಬ ಅನುಮಾನ ಗಟ್ಟಿ. ನೀವು ಬರೆದ ಲಕ್ಷಣ ಎಸ್1ಕ್ಕೇ ಹೊಂದುತ್ತಿದೆ.

ಇಂಥ ಬಹುಪಾಲು ಸಯಾಟಿಕಾ (ನರ ಒತ್ತಿ ಕಾಲಿಗಿಳಿಯುವ ಸೆಳೆತ) 6ರಿಂದ 12 ವಾರದಲ್ಲಿ ಆಪರೇಷನ್ ಇಲ್ಲದೆ ತಗ್ಗುತ್ತದೆ. ವಿಚಿತ್ರವೆಂದರೆ, ಉಂಗುರ ದಾಟಿ ಹೊರಬಿದ್ದ ದೊಡ್ಡ ತುಂಡನ್ನೇ ದೇಹ ಹೆಚ್ಚು ಚೆನ್ನಾಗಿ ಕರಗಿಸಿಕೊಳ್ಳುತ್ತದೆ.

ಎರೆಹೊಲ:
ನಡುಬೆನ್ನಿನ ಮಾತು ಬೇರೆ. ಡಿ ಅಂದರೂ ಟಿ ಅಂದರೂ ಪಕ್ಕೆಲುಬು ಹೊತ್ತ ಅದೇ 12 ಕಶೇರು. ಪಕ್ಕೆಲುಬಿನ ಬಿಗಿಯಿಂದಾಗಿ ಅಲ್ಲಿ ಡಿಸ್ಕ್ ಜಾರುವುದು ಅಪರೂಪ. ಜಾರಿದರೆ ಮಾತ್ರ ಅಪಾಯ ಹೆಚ್ಚು, ಯಾಕೆಂದರೆ ಅಲ್ಲಿರುವುದು ಬೆನ್ನುಹುರಿಯೇ. ಎಲ್1-ಎಲ್2 ಹತ್ತಿರ ಅದು ಮುಗಿದು ಕೆಳಗೆ ನರಗಳ ಗೊಂಚಲಷ್ಟೇ ಇರುತ್ತದೆ. ಎದೆ ಅಥವಾ ಹೊಟ್ಟೆ ಸುತ್ತ ಪಟ್ಟಿ ಬಿಗಿದಂತೆ ನೋವು, ಎರಡೂ ಕಾಲು ಸೆಟೆದು ನಡಿಗೆ ತಪ್ಪುವುದು: ಇವಿದ್ದರೆ ಡಿ10 ಸಾಲನ್ನು ಕಡೆಗಣಿಸಬೇಡಿ.

ನಮ್ಮ ಕಡೆ ನಡುಬೆನ್ನು ನೋವನ್ನೆಲ್ಲ ಡಿಸ್ಕ್‌ಗೆ ಕಟ್ಟುವ ಚಾಳಿ ಇದೆ, ಅದು ತಪ್ಪು. ಸಂಜೆ ಜ್ವರ, ತೂಕ ಇಳಿಕೆ, ರಾತ್ರಿ ನೋವು ಇದ್ದರೆ ಬೆನ್ನೆಲುಬಿನ ಟಿಬಿ ನೋಡಲೇಬೇಕು. ಕುರಿ ಸಾಕುವವರಲ್ಲಿ ಕುರಿ-ದನದಿಂದ ಹರಡುವ ಬ್ರುಸೆಲ್ಲಾ ಸೋಂಕಿನ ಪರೀಕ್ಷೆಯೂ ಆಗಲಿ. ರಾಯಚೂರು, ಕೊಪ್ಪಳ, ಬಳ್ಳಾರಿಯ ಎಷ್ಟೋ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1.5 ಮಿ.ಗ್ರಾಂ ಮಿತಿ ದಾಟಿದೆ. ಅಂಥ ನೀರು ವರ್ಷಗಟ್ಟಲೆ ಕುಡಿದರೆ ಬೆನ್ನಿನ ಅಸ್ಥಿಬಂಧಗಳು (ಎಲುಬುಗಳನ್ನು ಕಟ್ಟಿಹಿಡಿಯುವ ಪಟ್ಟಿಗಳು) ಎಲುಬಾಗಿ ಹುರಿಯನ್ನು ಒತ್ತಬಹುದು. ಮುಂಗೈ ಎಕ್ಸ್‌ರೇಯಲ್ಲಿ ಎರಡು ಎಲುಬಿನ ನಡುವಿನ ಪೊರೆ ಸುಣ್ಣಗಟ್ಟಿ ಕಂಡರೆ ಸುಳಿವು ಸಿಕ್ಕಿತು.

ಗಂಗಾವತಿ ಸೋನಾ:
ಎಡಗಾಲಲ್ಲಿ ನಾಲ್ಕು ಸಲ ಎದ್ದು ಸೋತ್ರು, ಬಲಗಾಲಿಗೆ ಹತ್ತೂ ಆಯ್ತು. ಉಚ್ಚಿ ಸರಿ ಹೊಕ್ಕಾವ, ಜ್ವರ ಇಲ್ಲ. ಬೆಡ್‌ರೆಸ್ಟ್ ಎಷ್ಟು ದಿನ? ಉಳುಕು ತೆಗೆಸ್ರಿ ಅಂತಾರ ಕೆಲವರು.

ಬೆನ್ನೆಲುಬು:
ಬೆನ್ನು ತುಳಿಸುವುದು, ಲಟಕ್ಕೆನ್ನಿಸುವುದು ಖಂಡಿತ ಬೇಡ. ಮೀನಖಂಡ ಸೋತಿದೆಯಾದ್ದರಿಂದ ಈ ವಾರವೇ ಮೂಳೆ ಅಥವಾ ನರರೋಗ ಸರ್ಜನ್‌ಗೆ ತೋರಿಸಿ, ಆ ನಾಲ್ಕು-ಹತ್ತರ ಲೆಕ್ಕವನ್ನೂ ಹೇಳಿ. ನಾಲ್ಕು ಮೂರಾದರೆ, ಎರಡಾದರೆ ಕಾಯಬಾರದು.

ಹಾಸಿಗೆ ಎರಡು ದಿನಕ್ಕಿಂತ ಹೆಚ್ಚು ಬೇಡ. ನೋವು ಜಾಸ್ತಿಯಾದಾಗ ನೆಲದ ಮೇಲೆ ಮಲಗಿ ಮೀನಖಂಡಗಳನ್ನು ಕುರ್ಚಿ ಮೇಲಿಟ್ಟರೆ ಹಗುರಾಗುತ್ತದೆ. ಉಳಿದಂತೆ ಹತ್ತತ್ತು ನಿಮಿಷ ಸಮತಟ್ಟಿನಲ್ಲಿ ನಡೆಯಲಿ. ನೋವಿನ ಮಾತ್ರೆಯನ್ನು ಡಾಕ್ಟರ್ ಹೇಳಿದಷ್ಟು ದಿನ ಮಾತ್ರ ನುಂಗಲಿ. ಬಿಸಿಲಲ್ಲಿ ನೀರು ಕಡಿಮೆ ಕುಡಿದು ವಾರಗಟ್ಟಲೆ ನುಂಗಿದರೆ ಕಿಡ್ನಿಗೆ ಪೆಟ್ಟು.

ಎರೆಹೊಲ:
ಕೆಲಸಕ್ಕೆ ಮರಳುವಾಗ ಬಗ್ಗಿ-ತಿರುಚಿ ಎತ್ತುವುದನ್ನು ಬಿಡಿಸಿ. ಉಂಗುರದ ನಾರುಗಳು ಪದರ ಬಿಟ್ಟು ಪದರ ಎದುರು ದಿಕ್ಕಿಗೆ ಓರೆಯಾಗಿರುತ್ತವೆ, ತಿರುಚಿದಾಗ ಅರ್ಧ ಪದರಗಳೇ ಭಾರ ಹೊರುತ್ತವೆ. ರಾತ್ರಿ ಮಲಗಿದಾಗ ಡಿಸ್ಕ್ ನೀರು ಹೀರಿ ಉಬ್ಬಿರುವುದರಿಂದ ಎದ್ದ ಮೊದಲ ಒಂದು ಗಂಟೆ ಬಗ್ಗುವುದೇ ಬೇಡ. ಚೀಲವನ್ನು ಇಬ್ಬರು ಎತ್ತಿ ಬೆನ್ನಿಗೆ ಹೇರಲಿ, ನೆಲದಿಂದ ಒಬ್ಬರೇ ಎತ್ತುವುದು ಬೇಡ.

ಉಚ್ಚೆ ಕಟ್ಟಿದರೆ, ಕೂರುವ ಜಾಗ, ಗುದದ ಸುತ್ತ ಮರಗಟ್ಟಿದರೆ ಬೆಳಗಾಗುವವರೆಗೆ ಕಾಯದೆ ಅದೇ ರಾತ್ರಿ ಜಿಲ್ಲಾ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಎಂಆರ್‌ಐ ಫಿಲ್ಮ್ ಜೊತೆಗಿರಲಿ, ರಿಪೋರ್ಟ್ ಹಾಳೆಯೊಂದೇ ಸಾಲದು.