ಹಾರ್ಡ್‌ಟೇಲ್ ಎಂಟಿಬಿಗೆ ಅಗಲ ರಿಮ್‌ನ ಹೊಸ ವೀಲ್‌ಸೆಟ್: ಕೊಳ್ಳುವ ಮುಂಚೆ ಏನೇನು ಅಳೆಯಬೇಕು?

ಪ್ರಶ್ನೆ (ಗುಡ್ಡದದಾರಿ):
29 ಇಂಚಿನ ಅಲ್ಯೂಮಿನಿಯಂ ಹಾರ್ಡ್‌ಟೇಲ್, ಅಂದರೆ ಮುಂದೆ ಮಾತ್ರ ಸಸ್ಪೆನ್ಷನ್ ಇರುವ ಮೌಂಟನ್ ಬೈಕ್ (ಎಂಟಿಬಿ). ಎರಡೂ ಗಾಲಿಗೆ ಕ್ವಿಕ್ ರಿಲೀಸ್ (ಲಿವರ್ ತಿರುಗಿಸಿ ಬಿಚ್ಚುವ ತೆಳು ಅಚ್ಚು), 9 ಸ್ಪೀಡ್ ಶಿಮಾನೊ ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಗೊಂಚಲು), ಆರು ಬೋಲ್ಟಿನ ರೋಟರ್ (ಡಿಸ್ಕ್ ಬ್ರೇಕಿನ ತಟ್ಟೆ). ರಿಮ್‌ನ ಒಳ ಅಗಲ 19 ಮಿ.ಮೀ., ಟೈರ್ 2.25 ಇಂಚು. ಹಿಂದಿನ ಗಾಲಿಯಲ್ಲಿ ಮೂರು ತಿಂಗಳಿಗೆ ನಾಲ್ಕು ಕಡ್ಡಿ ಮುರಿದಿವೆ, ನಾಲ್ಕೂ ಹಬ್ (ಗಾಲಿಯ ನಡುಭಾಗ) ಹತ್ತಿರ ಬಾಗಿರುವ ಜಾಗದಲ್ಲೇ. ಪ್ರತಿ ಸಲ ಒಂದು ಕಡ್ಡಿ ಬದಲಿಸಿ, ಗಾಲಿ ನೇರ ಮಾಡಿಸಿದ್ದಾಗಿದೆ. ಈಗ 30 ಮಿ.ಮೀ. ಒಳ ಅಗಲದ, 350 ಗ್ರಾಂ ಹಗುರವಾದ ಬೂಸ್ಟ್ (ಹಬ್ ಹೆಚ್ಚು ಅಗಲವಿರುವ ಅಳತೆ) ವೀಲ್‌ಸೆಟ್ ಕಣ್ಣಿಗೆ ಬಿದ್ದಿದೆ. ಇದು ನನ್ನ ಫ್ರೇಮಿಗೆ ಕೂರುತ್ತದೆಯೇ? ತೂಕ ಇಳಿದದ್ದು ಓಡಿಸುವಾಗ ಗೊತ್ತಾಗುತ್ತದೆಯೇ? ಹಬ್‌ನ ರ‍್ಯಾಚೆಟ್ (ಪೆಡಲ್ ತುಳಿದಾಗ ಹಬ್ಬನ್ನು ಹಿಡಿಯುವ ಹಲ್ಲಿನ ಭಾಗ) 36 ಹಲ್ಲಿನದು ಸಾಕೇ, 54 ಬೇಕೇ?

ಉತ್ತರ 1 (ಕಡ್ಡಿಬಿಗಿ):
ಮೊದಲು ಹಿಂದಿನ ಗಾಲಿ ಬಿಚ್ಚಿ, ಎರಡು ಡ್ರಾಪ್‌ಔಟ್‌ಗಳ (ಫ್ರೇಮಿನಲ್ಲಿ ಅಚ್ಚು ಕೂರುವ ತುದಿಗಳ) ಒಳಮೈಯಿಂದ ಒಳಮೈಗೆ ಕ್ಯಾಲಿಪರ್‌ನಲ್ಲಿ ಅಳೆಯಿರಿ. ಕ್ವಿಕ್ ರಿಲೀಸ್ ಫ್ರೇಮ್ ಅಂದರೆ 135 ಮಿ.ಮೀ. ಎಂದೇ ತಿಳಿಯಬೇಡಿ, 141ರದ್ದೂ ಇದೆ. ಥ್ರೂ ಆಕ್ಸಲ್ (ಆರಪಾರ ತೂರಿಸಿ ಬಿಗಿಯುವ ದಪ್ಪ ಅಚ್ಚು) ಫ್ರೇಮಿನಲ್ಲಿ ಹಬ್‌ನ ತುದಿ ಎರಡೂ ಕಡೆ 3.5 ಮಿ.ಮೀ. ಒಳಗೆ ಕೂರುತ್ತದೆ. ಹಾಗಾಗಿ 135ಕ್ಕೆ 7 ಸೇರಿಸಿದರೆ 142, 141ಕ್ಕೆ 7 ಸೇರಿಸಿದರೆ 148, ಅಂದರೆ ಬೂಸ್ಟ್. 135 ಮತ್ತು 142 ಒಂದೇ ಮನೆತನ, 141 ಮತ್ತು 148 ಇನ್ನೊಂದು. ಒಂದೇ ಮನೆತನದೊಳಗೆ ಎಂಡ್ ಕ್ಯಾಪ್ (ಹಬ್ ತುದಿಯ ಟೋಪಿ) ಬದಲಿಸಿದರೆ ಸಾಮಾನ್ಯವಾಗಿ ಕೆಲಸ ಆಗುತ್ತದೆ. ಆ ಹಬ್ ಮಾಡೆಲ್‌ಗೆ ಕ್ವಿಕ್ ರಿಲೀಸ್ ಕ್ಯಾಪ್ ಸಿಗುತ್ತದೆಯೇ ಎಂದು ದುಡ್ಡು ಕೊಡುವ ಮುಂಚೆಯೇ ಕೇಳಿ. ನಿಮ್ಮದು 135 ಆಗಿದ್ದರೆ ಬೂಸ್ಟ್ ಹಬ್ ಮರೆತುಬಿಡಿ. ಅಲ್ಯೂಮಿನಿಯಂ ಫ್ರೇಮನ್ನು 6 ಮಿ.ಮೀ. ಅಗಲಿಸಿ ತುರುಕಿದರೆ ಬಿರುಕು ಬಿಡುತ್ತದೆ. ಮುಂದಿನ ಫೋರ್ಕ್‌ನಲ್ಲೂ 100 ಮತ್ತು 110 ಎರಡೂ ಇರುವುದರಿಂದ ಅದನ್ನೂ ಅಳೆಯಿರಿ.

ಇನ್ನು ಕಡ್ಡಿ. ಬಾಗಿದಲ್ಲೇ ಮುರಿಯುತ್ತಿದೆ ಎಂದರೆ ಅದು ಲೋಹ ದಣಿದು ಮುರಿದದ್ದು, ಹೊಡೆತಕ್ಕೆ ಮುರಿದದ್ದಲ್ಲ. ಗಾಲಿ ಉರುಳುವಾಗ ನೆಲದ ಕಡೆ ಬಂದ ಕಡ್ಡಿಯ ಬಿಗಿ ಪ್ರತಿ ಸುತ್ತಿಗೂ ಇಳಿಯುತ್ತದೆ. ಮೊದಲೇ ಸಡಿಲ ಇದ್ದರೆ ಅದು ಪೂರ್ತಿ ಸೊನ್ನೆಗೆ ಇಳಿದು, ಬಾಗಿದ ಭಾಗ ಫ್ಲೇಂಜಿನ (ಕಡ್ಡಿ ಸಿಕ್ಕಿಸುವ ಹಬ್ ಅಂಚಿನ) ತೂತಿನಲ್ಲಿ ಅಲುಗಾಡುತ್ತದೆ. ಸಾವಿರಾರು ಸುತ್ತು ಹೀಗೇ ಆದರೆ ಮುರಿಯದೆ ಇನ್ನೇನು? ಉಳಿದ ಕಡ್ಡಿಗಳೂ ಅಷ್ಟೇ ದಣಿದಿರುವುದರಿಂದ ಒಂದೊಂದಾಗಿ ಬದಲಿಸುವುದರಲ್ಲಿ ಅರ್ಥವಿಲ್ಲ. ಹೊಸ ಗಾಲಿ ತಂದರೂ ಬಿಗಿ ಸರಿ ಇಲ್ಲದಿದ್ದರೆ ಇದೇ ಕಥೆ. ಹಿಂದಿನ ಗಾಲಿಯ ಚೈನ್ ಕಡೆ 100ರಿಂದ 120 ಕೆ.ಜಿ. ಬಲ ಇರಲಿ, ರಿಮ್ ತಯಾರಕರು ಹೇಳಿದ ಮಿತಿ ದಾಟದಂತೆ. ಎಡಗಡೆ ಅದಕ್ಕಿಂತ ಸಾಕಷ್ಟು ಕಡಿಮೆಯೇ ಇರುತ್ತದೆ, ಅದು ದೋಷವಲ್ಲ. ಆದರೆ ಒಂದೇ ಕಡೆಯ ಕಡ್ಡಿಗಳ ನಡುವೆ ಹೆಚ್ಚು ವ್ಯತ್ಯಾಸ ಇರಬಾರದು. ಟೆನ್ಷನ್ ಮೀಟರ್ ಇಟ್ಟು ನೋಡಿಸಿ. ಗಾಲಿ ನೇರವಾಗಿ ತಿರುಗುತ್ತಿದೆ ಎಂದ ಮಾತ್ರಕ್ಕೆ ಬಿಗಿ ಸಮನಾಗಿದೆ ಎಂದಲ್ಲ.

ಕಡ್ಡಿ ನಡುವೆ ತೆಳುವಾದ 2.0/1.8/2.0 ಮಿ.ಮೀ. ಇರಲಿ, ನಿಪಲ್ (ಕಡ್ಡಿಯನ್ನು ರಿಮ್ಮಿಗೆ ಬಿಗಿಯುವ ನಟ್) ಹಿತ್ತಾಳೆಯದು. ತೆಳು ಭಾಗ ಹೆಚ್ಚು ಹಿಗ್ಗುವುದರಿಂದ ಭಾರ ಬಿದ್ದಾಗಲೂ ಕಡ್ಡಿ ಬೇಗ ಸಡಿಲವಾಗುವುದಿಲ್ಲ, ಬಾಗಿದ ಜಾಗ ಉಳಿಯುತ್ತದೆ. ಉದ್ದಕ್ಕೂ 2.0 ಇರುವುದೇ ಗಟ್ಟಿ ಅನ್ನಿಸುತ್ತದೆ, ಆದರೆ ದಣಿವಿನ ಲೆಕ್ಕದಲ್ಲಿ ಅದು ಉಲ್ಟಾ.

ಉತ್ತರ 2 (ಏರುಹಾದಿ):
350 ಗ್ರಾಂ ಪೂರ್ತಿ ರಿಮ್‌ನಿಂದಲೇ ಇಳಿದಿದೆ ಎಂದುಕೊಳ್ಳೋಣ. ವೇಗ ಹೆಚ್ಚಿಸುವ ಕ್ಷಣದಲ್ಲಿ ಮಾತ್ರ ಅದು ಸುಮಾರು ಎರಡರಷ್ಟು, ಅಂದರೆ 700 ಗ್ರಾಂ ಲೆಕ್ಕಕ್ಕೆ ಬರುತ್ತದೆ. ಸವಾರ, ಸೈಕಲ್ ಸೇರಿ 85 ಕೆ.ಜಿ. ಇದ್ದರೆ ಇದು ಶೇ. 1ಕ್ಕೂ ಕಡಿಮೆ. ಒಂದೇ ವೇಗದಲ್ಲಿ ಏರು ಹತ್ತುವಾಗ 350 ಗ್ರಾಂ ಬರೀ 350 ಗ್ರಾಂ. ಒಳ್ಳೆಯ ಟೈರ್, ಸರಿಯಾದ ಗಾಳಿ ಇದಕ್ಕಿಂತ ಹೆಚ್ಚು ಕೊಡುತ್ತವೆ.

ನಿಜವಾದ ಲಾಭ ಅಗಲದ್ದು. ಆದರೆ 30ರ ರಿಮ್ 2.4–2.6 ಟೈರಿಗೆ ಚೆನ್ನ. 2.25 ಹಾಕಿದರೆ ಟೈರಿನ ಮೇಲ್ಮೈ ಚಪ್ಪಟೆಯಾಗಿ, ತಿರುವಿನಲ್ಲಿ ವಾಲಿಸುವಾಗ ಅಂಚು ಥಟ್ಟನೆ ಹಿಡಿಯುತ್ತದೆ, ಪಕ್ಕದ ಗೋಡೆಗೂ ಕಲ್ಲು ತಗಲುತ್ತದೆ. 2.25ಕ್ಕೆ 25 ಮಿ.ಮೀ. ಸಾಕು.

ರ‍್ಯಾಚೆಟ್: 36 ಹಲ್ಲು ಅಂದರೆ 10 ಡಿಗ್ರಿಗೊಮ್ಮೆ ಹಿಡಿತ, 54 ಅಂದರೆ 6.67. ಬಂಡೆಗಳ ನಡುವೆ ಅರ್ಧರ್ಧ ಪೆಡಲ್ ತುಳಿಯುವವರಿಗೆ ಬಿಟ್ಟರೆ 36 ಧಾರಾಳ. ಹಲ್ಲು ಸಣ್ಣದಾದಷ್ಟೂ ಗ್ರೀಸ್ ಬಗ್ಗೆ ಜಾಗ್ರತೆ ಬೇಕು. ದಪ್ಪ ಗ್ರೀಸ್ ತುಂಬಿದರೆ ಹಲ್ಲು ಪೂರ್ತಿ ಕೂರದೆ ಜಾರುತ್ತದೆ.

ಫ್ರೀಹಬ್ (ಹಬ್‌ನಲ್ಲಿ ಕ್ಯಾಸೆಟ್ ಕೂರುವ ಭಾಗ) ಎಚ್‌ಜಿ ನಮೂನೆಯದೇ ಎಂದು ಕೇಳಿ. ಬೇರೆ ನಮೂನೆಯ ಮೈಕ್ರೋಸ್ಪ್ಲೈನ್ ಆಗಲಿ ಎಕ್ಸ್‌ಡಿ ಆಗಲಿ ಬಂದರೆ ನಿಮ್ಮ 9 ಸ್ಪೀಡ್ ಕ್ಯಾಸೆಟ್ ಕೂರುವುದಿಲ್ಲ.

ಗುಡ್ಡದದಾರಿ:
ಅಳೆದೆ. ಹಿಂದೆ 135, ಮುಂದೆ 100. ಈಗಿನ ಟೈರಿನ ಎರಡೂ ಪಕ್ಕ ಚೈನ್‌ಸ್ಟೇಗೆ (ಹಿಂದಿನ ಗಾಲಿಯ ಪಕ್ಕದ ಫ್ರೇಮ್ ಕೊಳವೆಗೆ) 7 ಮಿ.ಮೀ. ಜಾಗ ಇದೆ. ಟ್ಯೂಬ್‌ಲೆಸ್ ಮಾಡುವ ಆಲೋಚನೆ.

ಉತ್ತರ 3 (ಕಡ್ಡಿಬಿಗಿ):
ಹಾಗಾದರೆ 142ರ ಹಬ್, ಅದಕ್ಕೆ 135ರ ಕ್ವಿಕ್ ರಿಲೀಸ್ ಕ್ಯಾಪ್, ಮುಂದೆ 100×9 ಕ್ಯಾಪ್, 25 ಮಿ.ಮೀ. ಒಳ ಅಗಲ, 32 ಕಡ್ಡಿ. ಅಂಥ ಜಾಗದಲ್ಲಿ 2.4ಕ್ಕಿಂತ ದಪ್ಪ ಟೈರ್ ಯೋಚಿಸಬೇಡಿ, ಕೆಸರು ಸಿಕ್ಕಿಕೊಂಡು ಪೇಂಟ್ ತಿನ್ನುತ್ತದೆ.

ಟ್ಯೂಬ್‌ಲೆಸ್ ಮಾಡಲು ರಿಮ್ ಒಳಗೆ ಸುತ್ತುವ ಟೇಪ್ 28–29 ಮಿ.ಮೀ. ಅಗಲದ್ದು ತೆಗೆದುಕೊಳ್ಳಿ. ರಿಮ್ಮನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿ, ಒಣಗಿದ ಮೇಲೆ ವಾಲ್ವ್ ತೂತಿನ ಎದುರು ಬದಿಯಿಂದ ಶುರುಮಾಡಿ, ಜಗ್ಗಿ ಹಿಡಿದೇ ಸುತ್ತಿ, ಕೊನೆಗೆ 10–15 ಸೆಂ.ಮೀ. ಮೇಲೆ ಮೇಲೆ ಬರಲಿ. ಜಗ್ಗದೆ ಅಂಟಿಸಿದರೆ ನಡುವಿನ ತಗ್ಗಿನಲ್ಲಿ ಗಾಳಿ ಉಳಿದು, ಸೀಲಂಟ್ (ತೂತು ಮುಚ್ಚುವ ದ್ರವ) ಟೇಪಿನ ಅಡಿ ನುಗ್ಗಿ ನಿಪಲ್‌ಗಳಿಂದ ಸೋರುತ್ತದೆ. ಟೈರಿಗೆ 90–100 ಮಿ.ಲೀ. ಸೀಲಂಟ್ ಹಾಕಿ.

ಹೊಸ ಹಬ್ ಸೆಂಟರ್‌ಲಾಕ್ (ಬೋಲ್ಟ್ ಬದಲು ನಡುವಿನ ಒಂದೇ ಉಂಗುರದಿಂದ ರೋಟರ್ ಬಿಗಿಯುವ ಬಗೆ) ಆದರೆ ನಿಮ್ಮ ರೋಟರಿಗೆ ಅಡಾಪ್ಟರ್ ಬೇಕು. ಆರು ಬೋಲ್ಟಿನದೇ ಆದರೆ ಟಿ25 ಕೀಲಿಯಿಂದ ಎದುರುಬದುರು ಬೋಲ್ಟ್ ಬಿಗಿಯುತ್ತಾ ಹೋಗಿ. ಎಷ್ಟು ಬಿಗಿಯಬೇಕೆಂಬುದು ಕಂಪನಿಯಿಂದ ಕಂಪನಿಗೆ ಬೇರೆ. ಕ್ಯಾಸೆಟ್ ಲಾಕ್‌ರಿಂಗ್ 40 ನ್ಯೂಟನ್ ಮೀಟರ್. ಬಿಗಿದ ಮೇಲೂ ಕ್ಯಾಸೆಟ್ ಲಟಲಟ ಎಂದರೆ ಫ್ರೀಹಬ್ 11 ಸ್ಪೀಡ್ ರೋಡ್ ಉದ್ದದ್ದು, ಹಿಂದೆ 1.85 ಮಿ.ಮೀ. ಸ್ಪೇಸರ್ ಹಾಕಿ. ರೋಟರ್ ಕೂರುವ ಜಾಗ ಕೂದಲೆಳೆಯಷ್ಟು ಬದಲಾಗಿರುತ್ತದೆ, ಬ್ರೇಕ್ ಕ್ಯಾಲಿಪರ್ ಬೋಲ್ಟ್ ಸಡಿಲಿಸಿ ಬ್ರೇಕ್ ಲಿವರ್ ಒತ್ತಿ ಹಿಡಿದು ಮತ್ತೆ ಬಿಗಿಯಿರಿ. ಡಿರೈಲರ್‌ನ (ಗಿಯರ್ ಬದಲಿಸುವ ಭಾಗದ) ಲಿಮಿಟ್ ಸ್ಕ್ರೂ ನೋಡದೆ ದೊಡ್ಡ ಹಲ್ಲಿಗೆ ಏರಿಸಬೇಡಿ, ಚೈನ್ ಕಡ್ಡಿಯೊಳಗೆ ಬೀಳುತ್ತದೆ.

ಮೊದಲ ಸವಾರಿಯಲ್ಲಿ ಟಿಣ್ ಟಿಣ್ ಸದ್ದು ಬಂದರೆ ಕಟ್ಟುವಾಗ ತಿರುಚಿಕೊಂಡಿದ್ದ ಕಡ್ಡಿಗಳು ಬಿಚ್ಚಿಕೊಳ್ಳುತ್ತಿವೆ ಎಂದರ್ಥ. ಅದು ನಿಂತ ಮೇಲೆ ಒಮ್ಮೆ ಬಿಗಿ ಅಳೆಸಿ.