ಪದ ಬೇಕು: ಗುಲಾಮರ ಬಿಡುಗಡೆ ಕಾಗದಕ್ಕೆ

ಗೆಳೆಯರೇ,
ಬ್ರೆಜಿಲಿನ ಗುಲಾಮಗಿರಿ ಬಗ್ಗೆ ಒಂದು ಬರಹ ಅನುವಾದಿಸುತ್ತಿದ್ದೇನೆ. ಅದರಲ್ಲಿ ಬರುವ ಪೋರ್ಚುಗೀಸ್ ಮಾತು 'ಕಾರ್ತಾ ದಿ ಅಲ್ಫೊರ್ರಿಯಾ'ಗೆ ಏನು ಹಾಕಲಿ? ಒಡೆಯ ತನ್ನ ಗುಲಾಮನನ್ನು ಬಿಟ್ಟೆ ಅಂತ ಬರೆದುಕೊಡುವ ಕಾಗದ ಅದು. ನೋಟರಿ ಪುಸ್ತಕದಲ್ಲಿ ಅದನ್ನು ಏರಿಸುತ್ತಿದ್ದರು. ಸದ್ಯಕ್ಕೆ 'ವಿಮೋಚನಾ ಪತ್ರ' ಅಂದಿದ್ದೇನೆ. ನಾಳೆ ಅಚ್ಚಿಗೆ ಹೋಗಬೇಕು.
– ಸು.

'ವಿಮೋಚನಾ' ಬೇಡವೇ ಬೇಡ. 'ಬಿಡುಗಡೆ' ಇರುವಾಗ ಸಂಸ್ಕೃತದ ಸಾಲ ಯಾಕೆ? 'ಬಿಡುಗಡೆಯೋಲೆ' ಅನ್ನಿ. 'ಗುಲಾಮ' ಕೂಡ ಅರಬ್ಬೀ. ನಮ್ಮಲ್ಲಿ 'ತೊತ್ತು' ಇದೆ.
– ಕೆ.ಎನ್.

> ನಮ್ಮಲ್ಲಿ 'ತೊತ್ತು' ಇದೆ

ಇದೆ, ಬೈಗುಳದಲ್ಲಿ. ಅದೂ ಹೆಂಗಸರಿಗೆ. ಬಿಡಿ.

ಸು. ಅವರೇ, 'ವಿಮೋಚನೆ'ಯನ್ನು 1888ರ ಮೇ 13ರ ಕಾಯಿದೆಗೆ ಇಟ್ಟುಕೊಳ್ಳಿ. ಬ್ರೆಜಿಲಿನ ಎಲ್ಲ ಗುಲಾಮರನ್ನೂ ಬಿಡಿಸಿದ್ದು ಅದು. ಅಲ್ಫೊರ್ರಿಯಾ ಅಷ್ಟು ದೊಡ್ಡ ಮಾತಲ್ಲ. ಎಷ್ಟೋ ಜನ ತಮ್ಮ ಬೆಲೆ ತಾವೇ ಕಟ್ಟಿ ಆ ಕಾಗದ ಪಡೆದರು. ಕೆಲವರು ಕಂತಿನಲ್ಲಿ ಕಟ್ಟಿದರು. 'ನಾನು ಸಾಯುವ ತನಕ ಸೇವೆ ಮಾಡಬೇಕು' ಅಂತ ಷರತ್ತು ಹಾಕಿದ ಕಾಗದಗಳೂ ಬೇಕಾದಷ್ಟಿವೆ. ಇನ್ನೂ ಕೇಳಿ: ಬಿಡುಗಡೆಯಾದವನು ಕೃತಘ್ನ ಅಂತ ದೂರಿ ಒಡೆಯ ಅದನ್ನು ವಾಪಸ್ ಪಡೆಯಲು ಕಾನೂನಿನಲ್ಲೇ ದಾರಿ ಇತ್ತು! 1871ರ ಕಾಯಿದೆ ಬಂದ ಮೇಲೆ ಅದು ಹೋಯಿತು.

ಬರೀ 'ಬಿಡುಗಡೆ ಪತ್ರ' ಅಂದರೂ ತೊಂದರೆ. ಓದುಗರಿಗೆ ಸಬ್ ರಿಜಿಸ್ಟ್ರಾರ್ ಆಫೀಸಿನ ಹಕ್ಕು ಬಿಡುಗಡೆ ಪತ್ರ ನೆನಪಾಗುತ್ತದೆ. ನಮ್ಮ 1976ರ ಜೀತ ರದ್ದತಿ ಕಾಯಿದೆಯಡಿ ಜೀತದಾಳಿಗೆ ಸಿಗುವುದೂ ಬಿಡುಗಡೆ ಪತ್ರವೇ. ಆದರೆ ಅದನ್ನು ಕೊಡುವುದು ಸರ್ಕಾರ, ಧಣಿ ಅಲ್ಲ. ಹಾಗಾಗಿ ಮೊದಲ ಸಲ 'ಒಡೆಯ ಬರೆದುಕೊಟ್ಟ ಬಿಡುಗಡೆ ಪತ್ರ (ಅಲ್ಫೊರ್ರಿಯಾ)' ಅನ್ನಿ. ಆಮೇಲೆ ಸುಮ್ನೆ 'ಅಲ್ಫೊರ್ರಿಯಾ' ಸಾಕು.
– ವಿ.

ಅಂದರೆ ಈಗ ಪೋರ್ಚುಗೀಸೂ ನಮ್ಮದಾಯಿತು!
– ಕೆ.ಎನ್.

ಅದು ಪೋರ್ಚುಗೀಸಿಗೂ ಸಾಲವೇ. ಅರಬ್ಬಿಯ 'ಅಲ್ ಹುರ್ರಿಯಾ', ಸ್ವಾತಂತ್ರ್ಯ ಅಂತ. ಪೋರ್ಚುಗೀಸರು ಪಾದ್ರಿ, ಚಾವಿ ಅನ್ನುವ ಪದ ಕೊಟ್ಟಾಗ ನಾವೇನು ಬೇಡ ಅಂದೆವಾ?
– ವಿ.

'ಜೀತಮುಕ್ತಿ ಪತ್ರ' ಆಗಬಹುದಾ?
– ಸು.

ಆಗದು. 'ಜೀತ' ಬಂದಿದ್ದು 'ಜೀವಿತ'ದಿಂದ. ಹಳಗನ್ನಡದಲ್ಲಿ ಸಂಬಳ ಅಂತ ಅರ್ಥ. ಗುಲಾಮನಿಗೆ ಎಲ್ಲಿಯ ಸಂಬಳ? ಈಗಿನ ಅರ್ಥ ಹಿಡಿದರೂ ಜೀತ ಸಾಲಕ್ಕೆ ಬಿದ್ದದ್ದು. ಬ್ರೆಜಿಲಿನಲ್ಲಿ ಆಳನ್ನೇ ಮಾರುತ್ತಿದ್ದರು.
– ವಿ.

ಸರಿ, ವಿ. ಅವರ ಮಾತಿನಂತೆ ಹಾಕಿ ಕಳಿಸುತ್ತಿದ್ದೇನೆ. 'ಓಲೆ' ಅಂದರೆ ಮದುವೆ ಕರೆಯೋಲೆ ನೆನಪಾಗುತ್ತದೆ, ಕೆ.ಎನ್. ಸಾರ್.
– ಸು.

ಕರೆಯೋಲೆ ಜನಕ್ಕೆ ಅರ್ಥವಾಗುತ್ತದೆ, ಅಲ್ವಾ? ಹಾಗಾದರೆ ಬಿಡುಗಡೆಯೋಲೆ ಯಾಕೆ ಆಗದು?
– ಕೆ.ಎನ್.