ಸಹಾಯ ಬೇಕು: ಪೋಲೆಂಡಿನ ತಿಂಫ್ ನಾಣ್ಯದ ಇಸವಿ ಓದಬೇಕಿದೆ

ಎಲ್ಲರಿಗೂ ನಮಸ್ಕಾರ. ಹಳೇ ನಾಣ್ಯ ನೋಡಿ ಕಣ್ಣು ಪಳಗಿದವರು ಇಲ್ಲಿ ಇದ್ದೀರಿ, ಅದಕ್ಕೇ ಕೇಳುತ್ತಿದ್ದೇನೆ.

ನನ್ನ ಹತ್ತಿರ ಪೋಲೆಂಡಿನ ರಾಜ ಯಾನ್ ಕಾಜಿಮಿಯೆಜ್ ಕಾಲದ ಒಂದು ತಿಂಫ್, ಅಂದರೆ ಬೆಳ್ಳಿ ನಾಣ್ಯ, ಇದೆ. ಒಂದು ಕಡೆ ಕಿರೀಟದ ಕೆಳಗೆ ಐ, ಸಿ, ಆರ್ ಅಕ್ಷರಗಳು (ಲ್ಯಾಟಿನ್‌ನಲ್ಲಿ ರಾಜನ ಹೆಸರು, ಬಿರುದಿನ ಮೊದಲಕ್ಷರಗಳು) ಒಂದಕ್ಕೊಂದು ಹೆಣೆದುಕೊಂಡಿವೆ. ಇನ್ನೊಂದು ಕಡೆ ರಾಜಲಾಂಛನ, 30 ಗ್ರೋಷ್ (ಪೋಲೆಂಡಿನ ಚಿಲ್ಲರೆ ಹಣ) ಅನ್ನುವ ಗುರುತು. ಇಸವಿಯಲ್ಲಿ 166 ಕಾಣುತ್ತದೆ, ಕೊನೆಯ ಅಂಕಿ ಪೂರ್ತಿ ಸವೆದಿದೆ. ಇವು 1663ರಿಂದ 1666ರವರೆಗೆ ಅಚ್ಚಾದವು, ಹಾಗಾಗಿ ನಾಲ್ಕರಲ್ಲಿ ಒಂದು.

ಈ ನಾಣ್ಯದ ಕಥೆ ನನಗೆ ತುಂಬಾ ಇಷ್ಟ. 1655ರಲ್ಲಿ ಸ್ವೀಡನ್ ಸೈನ್ಯ ನುಗ್ಗಿ ದೇಶವನ್ನು ಹಾಳುಗೆಡವಿತ್ತು. ಖಜಾನೆ ಖಾಲಿ, ಸೈನಿಕರ ಸಂಬಳ ಬಾಕಿ. ಆಗ ಟಂಕಸಾಲೆಯ ಆಂಡ್ರಿಯಾಸ್ ತಿಂಫ್ ಇದನ್ನು ಅಚ್ಚು ಹಾಕಿಸಿದ. ಮುಖಬೆಲೆ 30 ಗ್ರೋಷ್, ಒಳಗಿನ ಬೆಳ್ಳಿ ಮಾತ್ರ ಸುಮಾರು 12 ಗ್ರೋಷಿನದು! ಅದಕ್ಕೇ ಅಂಚಿನ ಸುತ್ತ ಲ್ಯಾಟಿನ್‌ನಲ್ಲಿ ಬರೆಸಿದ್ದಾರೆ: ಉಳಿದುಕೊಂಡ ದೇಶವೇ ಇದರ ಬೆಲೆ, ಅದು ಲೋಹಕ್ಕಿಂತ ದೊಡ್ಡದು. ಜನ ಒಪ್ಪಲಿಲ್ಲ, ಬೆಲೆ ಬಿತ್ತು. ‘ಒಳ್ಳೆ ಜೋಕಿಗೆ ಒಂದು ತಿಂಫ್ ಕೊಡಬಹುದು’ ಅಂತ ಪೋಲಿಷ್ ಗಾದೆಯೇ ಇದೆ. ರಾಜ 1668ರಲ್ಲಿ ಸಿಂಹಾಸನ ಬಿಟ್ಟ. ವಾಸಾ ಮನೆತನದ ಕೊನೆಯ ಪೋಲಿಷ್ ದೊರೆ ಅವನೇ.

ಈಗ ನನ್ನ ಪ್ರಶ್ನೆ. ಲಾಂಛನದ ಕೆಳಗೆ ‘ಎ’ ಅಕ್ಷರ ಮಸುಕಾಗಿ ಇದೆ, ಪಕ್ಕದ್ದು ‘ಟಿ’ ಇರಬಹುದಾ, ಅಂದರೆ ಆಂಡ್ರಿಯಾಸ್ ತಿಂಫ್‌ನ ಮೊದಲಕ್ಷರಗಳಾ? ಅಂಚಿನಲ್ಲಿ ಕೆಂಪು ಛಾಯೆ ಇದೆ. ಅದು ಬೆರಕೆ ತಾಮ್ರವೋ, ನಕಲಿ ನಾಣ್ಯದ ಗುರುತೋ? ಸುಮ್ನೆ ಉಜ್ಜಿ ಹಾಳು ಮಾಡಲು ಮನಸ್ಸಿಲ್ಲ. ತೂಕ, ಅಂಚು ನೋಡಿ ಗುರುತಿಸೋದು ಹೇಗೆ ಅಂತ ಗೊತ್ತಿದ್ದವರು ದಯವಿಟ್ಟು ತಿಳಿಸಿ. ಎರಡೂ ಕಡೆಯ ಫೋಟೊ ಹಾಕಿದ್ದೇನೆ.